ಗುಡ್ಡದ ಬುಡದ ಮನೆಗೆ ಸ್ಪ್ರಿಂಕ್ಲರ್ ಹಾಕಿಸಿದರೆ ಕಾಳ್ಗಿಚ್ಚಿನಿಂದ ಉಳಿಯುತ್ತದಾ?

ಗೋವಾದ ವಾಳಪೈ ಕಡೆ ಹಂಚಿನ ಮನೆ ಕೊಂಡಿದ್ದೀರಿ, ಸುತ್ತ ಗೇರು ತೋಟ, ಮಾಡಿನ ಮೇಲೆ ಸ್ಪ್ರಿಂಕ್ಲರ್ ಕೂರಿಸಿ ಬೋರ್‌ವೆಲ್ ಮೋಟಾರಿಗೆ ಜೋಡಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಬೆಂಕಿ ಬಿದ್ದ ಹೊತ್ತಿಗೆ ಮೊದಲು ಹೋಗುವುದೇ ಕರೆಂಟು.

ನಾನು ಶಿರಸಿ ಕಡೆಯವನು. ನಿಮ್ಮ ವಾಳಪೈ ಇರುವ ಸತ್ತರಿ ತಾಲ್ಲೂಕಿನಲ್ಲೇ ಅಡಿಕೆ ತೋಟ ನೋಡಿಕೊಂಡಿದ್ದೇನೆ. 2023ರ ಮಾರ್ಚ್‌ನಲ್ಲಿ ಮಹದಾಯಿ ಅಭಯಾರಣ್ಯಕ್ಕೆ ಬೆಂಕಿ ಬಿದ್ದು ಹೆಲಿಕಾಪ್ಟರಿನಿಂದ ನೀರು ಸುರಿದರಲ್ಲ, ಅದನ್ನು ನೋಡಿ ಹೆದರಿ ತೋಟದ ನಾಲ್ಕು ಸ್ಪ್ರಿಂಕ್ಲರ್ ತಂದು ಮಾಡಿನ ಮೇಲೆ ಕೂರಿಸಿದೆ. ಮುಂದಿನ ಬೇಸಿಗೆಯಲ್ಲೇ ಹಿಂದಿನ ಗುಡ್ಡದ ಹುಲ್ಲು ಹೊತ್ತಿಕೊಂಡಿತು. ಸ್ವಿಚ್ ಹಾಕಿದರೆ ಕರೆಂಟಿಲ್ಲ. ಪೆಟ್ರೋಲ್ ಪಂಪ್‌ಸೆಟ್ ಇತ್ತು, ಹಗ್ಗ ಎಳೆದೆ, ಸ್ಟಾರ್ಟೂ ಆಯಿತು. ನೀರು ಮಾತ್ರ ಏರಲಿಲ್ಲ. ಬಾವಿಯೊಳಗಿನ ಪೈಪಿನ ತುದಿಯಲ್ಲಿ ನೀರು ವಾಪಸು ಇಳಿಯದಂತೆ ತಡೆಯುವ ಫುಟ್‌ವಾಲ್ವಿಗೆ ಎಲೆ ಸಿಕ್ಕಿಕೊಂಡು ಪೈಪಿನ ನೀರೆಲ್ಲ ಬಾವಿಗೆ ಇಳಿದುಹೋಗಿತ್ತು. ನಾನು ಪೈಪು ಅಲ್ಲಾಡಿಸುವುದು, ಹೆಂಡತಿ ಅಡುಗೆಮನೆಯ ಕೊಡ ತಂದು ಪಂಪಿನ ಬಾಯಿಗೆ ಹೊಯ್ಯುವುದು. ಮೂರನೇ ಕೊಡಕ್ಕೆ ನೀರು ಹಿಡಿಯಿತು. ಅಷ್ಟರಲ್ಲಿ ಪಕ್ಕದ ಮನೆಯವರು ಹಸಿ ಸೊಪ್ಪಿನಿಂದ ಬಡಿದು ಬೆಂಕಿ ಆರಿಸಿಯಾಗಿತ್ತು! ಈಗ ಹದಿನೈದು ದಿನಕ್ಕೊಮ್ಮೆ ಮೇನ್ ಸ್ವಿಚ್ ತೆಗೆದು, ಕರೆಂಟಿಲ್ಲದೆ ಎಲ್ಲ ಓಡಿಸಿ ನೋಡುತ್ತೇನೆ.

ನೀರಿನ ಲೆಕ್ಕ ಹಾಕಿದ್ದೀರಾ? ಒಂದು ಸ್ಪ್ರಿಂಕ್ಲರ್ ನಿಮಿಷಕ್ಕೆ 20 ಲೀಟರ್ ಎಸೆಯುತ್ತದೆ ಅಂತಿಟ್ಟುಕೊಳ್ಳಿ. ನಾಲ್ಕಕ್ಕೆ 80. ಸಾವಿರ ಲೀಟರಿನ ಟ್ಯಾಂಕು ಹನ್ನೆರಡು ನಿಮಿಷಕ್ಕೆ ಖಾಲಿ. ಐದು ಸಾವಿರದ್ದಿದ್ದರೆ ಒಂದು ಗಂಟೆ. ಟ್ಯಾಂಕು ಎತ್ತರದಲ್ಲಿದೆ, ಪಂಪೇ ಬೇಡ ಅನ್ನುವವರಿದ್ದಾರೆ. ಹತ್ತು ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕೆಜಿ ಒತ್ತಡ ಸಿಗುತ್ತದೆ ಅಷ್ಟೇ. ಮಾಡಿಗಿಂತ ಮೂರು ಮೀಟರ್ ಮೇಲಿಟ್ಟ ಟ್ಯಾಂಕಿನಿಂದ ಸ್ಪ್ರಿಂಕ್ಲರ್ ತಿರುಗುವುದೇ ಇಲ್ಲ, ಸುಮ್ನೆ ಸುರಿಯುತ್ತದೆ. ಪಂಪು ಬೇಕೇ ಬೇಕು. ಮೇಲೆ ಕಾಣುವ ಪೈಪು ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ್ದು ಇರಲಿ. ಪಿವಿಸಿ ಆದರೆ ಬಿಸಿಗೆ ಮೆತ್ತಗಾಗಿ ಬಾಗುತ್ತದೆ, ಅದನ್ನು ನೆಲದೊಳಗೆ ಹೂಳಿ.

ಬೆಂಕಿ ಹತ್ತಿರ ಬಂದ ಮೇಲೆ ನೀರು ಬಿಟ್ಟರೆ ತಡವಾಯಿತು. ಹೊಗೆ ನಿಮ್ಮ ಕಡೆ ತಿರುಗಿದಾಗಲೇ ನೆನೆಸಲು ಶುರು ಮಾಡಿ. ಉರಿಗಿಂತ ಮೊದಲು ಗಾಳಿಯಲ್ಲಿ ಕಿಡಿ ಬರುತ್ತದೆ. ಹಂಚು ಸುಡುವುದಿಲ್ಲ, ಆದರೆ ಹಂಚಿನ ಸಂದಿಯಲ್ಲಿ ಕಿಡಿ ನುಗ್ಗಿದರೆ ಕೆಳಗಿನ ಮರದ ಪಕಾಸು, ರೀಪು ಹೊತ್ತಿಕೊಳ್ಳುತ್ತವೆ. ಅಲ್ಲಿಗೆ ಮೇಲಿನ ನೀರು ಇಳಿಯುವುದಿಲ್ಲ. ಸಂದಿಗಳಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆಸಿ. ಮಾಡಿನ ಅಂಚಿನಲ್ಲಿ ಮಳೆನೀರು ಹರಿಯುವ ದೋಣಿಯಲ್ಲಿ ಕೂತ ಗೇರೆಲೆ, ಗೋಡೆಗೆ ಒರಗಿಸಿದ ಸೌದೆ, ಒಣ ಮಡಲು, ಇವನ್ನೆಲ್ಲ ಮೊದಲು ತೆಗೆಸಿ. ಗೋಡೆಯಿಂದ ಒಂದೂವರೆ ಮೀಟರ್ ತನಕ ಸುಡುವಂಥದ್ದು ಏನೂ ಇರಬಾರದು, ಹತ್ತು ಮೀಟರ್ ತನಕ ಒಣಹುಲ್ಲು, ತರಗೆಲೆ ಇರಬಾರದು. ಪಂಪಿಗೆ ಖರ್ಚು ಮಾಡುವ ಮೊದಲು ಇದಕ್ಕೆ ಎರಡು ಆಳು ಹಚ್ಚಿ.

ಹೊಗೆ ಜಾಸ್ತಿಯಾದರೆ ಪಂಪು ಓಡಲು ಬಿಟ್ಟು ನೀವು ಹೊರಟುಬಿಡಿ, 112ಕ್ಕೆ ಫೋನ್ ಮಾಡಿ. ಸ್ಪ್ರಿಂಕ್ಲರಿನ ದೊಡ್ಡ ಅನುಕೂಲ ಅದೇ ಅಲ್ವಾ, ಪಕ್ಕದಲ್ಲಿ ಯಾರೂ ನಿಂತಿರಬೇಕಿಲ್ಲ. ಏಪ್ರಿಲ್‌ನಲ್ಲಿ ನಿಮ್ಮಲ್ಲಿ ನೀರು ಎಷ್ಟು ಆಳಕ್ಕೆ ಇಳಿದಿರುತ್ತದೆ ಅಂತ ತಿಳಿಸಿ. ಬಾವಿಯ ನೀರು ಏಳು ಮೀಟರಿಗಿಂತ ಕೆಳಗಿದ್ದರೆ ಮೇಲಿಟ್ಟ ಪೆಟ್ರೋಲ್ ಪಂಪು ಎಳೆಯುವುದು ಕಷ್ಟ. ಆಗ ನೆಲದ ಮೇಲೊಂದು ಟ್ಯಾಂಕು ಕಟ್ಟಿಸಬೇಕಾಗುತ್ತದೆ.