ರೆಡ್ ವೈನ್ ಒಗರು, ಗಂಟಲು ಉರಿ: ಬಾಟಲಿ ಕೆಟ್ಟಿದೆಯಾ?

ಕೆಟ್ಟಿರುವುದು ಅನುಮಾನ, ಬಹುಶಃ ವೈನ್ ಬೆಚ್ಚಗಿತ್ತು ಅಷ್ಟೇ. ಕ್ಯಾಬರ್ನೆ ಸಾವಿನ್ಯೋನ್ ಎಂಬ ರೆಡ್ ವೈನನ್ನು ಕಪಾಟಿನಿಂದ ತೆಗೆದು ನೇರ ಕುಡಿದೆ ಅಂದಿದ್ದೀರಿ. ರೆಡ್ ವೈನ್ ಕುಡಿಯಲು ಹೇಳುವ ‘ರೂಮ್ ಟೆಂಪರೇಚರ್’ ಅಂದರೆ ಯುರೋಪಿನ ತಣ್ಣನೆ ಮನೆಗಳ 16–18 ಡಿಗ್ರಿ. ನಮ್ಮ ಏಪ್ರಿಲ್ ಸೆಕೆಯಲ್ಲಿ ಆಲ್ಕೋಹಾಲ್ ಮೂಗಿಗೇ ಹೊಡೆಯುತ್ತದೆ. ನಾಲಿಗೆ ಒಣಗಿಸುವ ಒಗರು ದ್ರಾಕ್ಷಿ ಸಿಪ್ಪೆ, ಬೀಜದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶದ್ದು. ಅದು ದೋಷವಲ್ಲ.

ಮೊದಲು ಮೂಸಿ ನೋಡಿ. ವಿನೆಗರ್ ಅಥವಾ ಒದ್ದೆ ರಟ್ಟಿನ ವಾಸನೆ ಇದ್ದರೆ ಚೆಲ್ಲಿ. ಇಲ್ಲದಿದ್ದರೆ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಮಟನ್ ಅಥವಾ ಚೀಸ್ ಜೊತೆ ಕುಡಿಯಿರಿ, ಒಗರು ತಗ್ಗುತ್ತದೆ. ಖಾರದ ಚಿಕನ್ ಬೇಡ, ಉರಿ ಜಾಸ್ತಿಯಾಗುತ್ತದೆ. ಉಳಿದದ್ದನ್ನು ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟು 3–4 ದಿನದಲ್ಲಿ ಮುಗಿಸಿ. ಆಗಲೂ ಹಿಡಿಸದಿದ್ದರೆ ಸುಮ್ನೆ ಒದ್ದಾಡಬೇಡಿ, ಮುಂದಿನ ಸಲ ಶೆನಿನ್ ಬ್ಲಾಂಕ್ ತಗೊಳ್ಳಿ. ಅದು ಬಿಳಿ ವೈನ್, ಟ್ಯಾನಿನ್ ಕಾಟ ಇಲ್ಲ.