ಗಡಿಯಲ್ಲಿ ನಿಂತ ಮನೆ

ಹೋದ ಸಂಚಿಕೆಯ ಲೇಖನ ಓದದವರಿಗಾಗಿ ಎರಡು ಸಾಲು: ಕೋವಿಡ್ ಹಬ್ಬಿದ್ದ 2020ರ ಆಗಸ್ಟ್‌ನಲ್ಲಿ ನಾನು, ನನ್ನ ಗಂಡ, ಆರು ವರ್ಷದ ಮಗಳು ಬಾಡಿಗೆ ಮೋಟರ್‌ಹೋಮ್ (ಹಾಸಿಗೆ, ಒಲೆ, ಕಕ್ಕಸು ಎಲ್ಲ ಒಳಗೇ ಇರುವ ಗಾಡಿ) ಹತ್ತಿ, ಜರ್ಮನಿಯ ಬೋಡನ್ ಸರೋವರದ ದಂಡೆಯಲ್ಲಿರುವ ನಮ್ಮೂರು ಫ್ರೀಡ್ರಿಷ್‌ಹಾಫೆನ್‌ನಿಂದ ಇಟಲಿಯ ಗಾರ್ಡಾ ಸರೋವರ, ಸ್ಲೊವೇನಿಯಾ ದಾಟಿ ಕ್ರೊಯೇಷ್ಯಾದ ರೋವಿನ್ ತನಕ ಹೋಗಿದ್ದೆವು. ಮೂರು ವಾರ. ಪತ್ರಗಳು ಸಾಕಷ್ಟು ಬಂದಿವೆ. ಹೊಗಳಿದ್ದನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಬೈದಿದ್ದನ್ನು ಇಲ್ಲಿ ಮೊದಲಿಗೆ ಇಟ್ಟಿದ್ದೇನೆ.

ಪ್ರಶ್ನೆ: ಇಲ್ಲಿ ಜನ ಗಂಟುಮೂಟೆ ಹೊತ್ತು ಹೆದ್ದಾರಿಯಲ್ಲಿ ಊರಿಗೆ ನಡೆದ ವರ್ಷ ಅದು. ನೀವು ಮನೆಯನ್ನೇ ಓಡಿಸಿಕೊಂಡು ವಿಹಾರಕ್ಕೆ ಹೋದಿರಿ. ಮುಜುಗರ ಆಗಲಿಲ್ಲವೇ? (ಶಿರಸಿ)

ಆಯಿತು. ಈಗಲೂ ಆಗುತ್ತದೆ. ಆ ಬೇಸಿಗೆ ನಾವು ನನ್ನ ತವರೂರು ಸಾಗರಕ್ಕೆ ಬರಬೇಕಿತ್ತು, ಅಮ್ಮ ಒಬ್ಬರೇ ಇದ್ದರು. ಮಾರ್ಚ್ 23ರಿಂದ ಭಾರತಕ್ಕೆ ಮಾಮೂಲಿ ವಿಮಾನ ಬಂದ್. ಅವು ಮತ್ತೆ ಶುರುವಾಗಿದ್ದು 2022ರ ಮಾರ್ಚ್ 27ಕ್ಕೆ. ನಡುವೆ ವಿಶೇಷ ವಿಮಾನಗಳಿದ್ದವು, ಆದರೆ ಹೋದರೆ ವಾಪಸ್ ಬರುವ ಖಾತ್ರಿ ಇರಲಿಲ್ಲ. ಟಿಕೆಟ್ಟಿನ ದುಡ್ಡು ತಿರುಗಿ ಬಂತು, ಅದೇ ದುಡ್ಡು ಗಾಡಿಯ ಬಾಡಿಗೆಗೆ ಹೋಯಿತು. ಅಮ್ಮನನ್ನು ನೋಡಲು ಇಟ್ಟಿದ್ದ ದುಡ್ಡಿನಲ್ಲಿ ಗಾರ್ಡಾ ನೋಡಿದೆ ಎಂದು ಹೇಳಿಕೊಳ್ಳಲು ಚೆನ್ನಾಗಿರುವುದಿಲ್ಲ. ಲೇಖನದಲ್ಲಿ ಅದನ್ನು ಬಿಟ್ಟಿದ್ದೆ. ನೀವು ಕೇಳಿದಿರಿ, ಹೇಳಿದೆ.

ಪ್ರಶ್ನೆ: ಹೋಟೆಲಿಗಿಂತ ಅದು ಸುರಕ್ಷಿತ ಎಂದು ಯಾರು ಹೇಳಿದರು? (ಬೆಂಗಳೂರು)

ಎಲ್ಲರೂ ಹೇಳುತ್ತಿದ್ದರು. ಆ ಒಂದೇ ವರ್ಷ ಜರ್ಮನಿಯಲ್ಲಿ 78 ಸಾವಿರ ಹೊಸ ಮೋಟರ್‌ಹೋಮ್‌ಗಳು ನೋಂದಣಿಯಾದವು. ಲಿಫ್ಟ್ ಇಲ್ಲ, ಊಟದ ಹಾಲ್ ಇಲ್ಲ, ಇನ್ನೊಬ್ಬರು ಮಲಗಿದ ಹಾಸಿಗೆ ಇಲ್ಲ ಎಂಬ ಲೆಕ್ಕ. ಕೊನೆಯದು ಸುಳ್ಳು, ಬಾಡಿಗೆ ಗಾಡಿಯಲ್ಲಿ ಹಿಂದಿನ ವಾರ ಯಾರೋ ಮಲಗಿಯೇ ಇರುತ್ತಾರೆ. ನಾನು ಹಾಸಿಗೆಯನ್ನು ಅರ್ಧ ದಿನ ಬಿಸಿಲಿಗೆ ಹಾಕಿದೆ. ಅದರಿಂದ ವೈರಸ್ ಸಾಯಿತೋ ಗೊತ್ತಿಲ್ಲ, ನನಗೆ ಸಮಾಧಾನವಾಯಿತು.

ಪ್ರಶ್ನೆ: ನೀರು, ಗ್ಯಾಸು, ಮುಖ್ಯವಾಗಿ ಕಕ್ಕಸು. ಇದರ ಬಗ್ಗೆ ಯಾವ ಪ್ರವಾಸ ಲೇಖಕರೂ ಬರೆಯುವುದಿಲ್ಲ. (ಹುಬ್ಬಳ್ಳಿ)

ನಿಮ್ಮ ಪತ್ರ ನೋಡಿ ಖುಷಿಯಾಯಿತು. ನಮ್ಮ ಗಾಡಿಯಲ್ಲಿ ಒಳ್ಳೆ ನೀರಿನ ಟ್ಯಾಂಕು 100 ಲೀಟರಿನದು. ಪಾತ್ರೆ ತೊಳೆದ, ಮೈ ತೊಳೆದ ಬಚ್ಚಲು ನೀರು ಕೆಳಗಿನ ಇನ್ನೊಂದು ಟ್ಯಾಂಕಿಗೆ ಇಳಿಯುತ್ತದೆ. ಅದನ್ನು ಗೊತ್ತಾದ ಜಾಗದಲ್ಲೇ ಬಿಡಬೇಕು, ರಸ್ತೆ ಬದಿಗಲ್ಲ. ಕಕ್ಕಸಿನದ್ದು ಮೂರನೆಯ ವ್ಯವಸ್ಥೆ: ಕಮೋಡಿನ ಅಡಿಯಲ್ಲಿ ಕೂರುವ ಒಂದು ಡಬ್ಬ, ಹೆಸರು ಕ್ಯಾಸೆಟ್. ಸುಮಾರು 18 ಲೀಟರ್ ಹಿಡಿಯುತ್ತದೆ, ಒಳಗೆ ನೀಲಿ ಔಷಧಿ ಹಾಕಿರುತ್ತಾರೆ. ತುಂಬಿದರೆ ಕೆಂಪು ದೀಪ. ಆಗ ಹೊರಗಿನ ಬಾಗಿಲಿಂದ ಎಳೆದು, ಸೂಟ್‌ಕೇಸಿನ ಹಾಗೆ ಚಕ್ರದ ಮೇಲೆ ಉರುಳಿಸಿಕೊಂಡು, ಇಂಥ ಗಾಡಿಗಳು ತಂಗುವ ಕ್ಯಾಂಪಿನ ಮೂಲೆಯ ಗುಂಡಿಗೆ ಸುರಿಯಬೇಕು. ಬೆಳಗ್ಗೆ ಏಳು ಗಂಟೆಗೆ ಆರು ದೇಶದ ಗಂಡಸರು ಮಾಸ್ಕ್ ಹಾಕಿಕೊಂಡು, ಒಂದೂವರೆ ಮೀಟರ್ ಅಂತರ ಬಿಟ್ಟು, ತಂತಮ್ಮ ಕ್ಯಾಸೆಟ್ ಹಿಡಿದು ಸಾಲಾಗಿ ನಿಂತಿದ್ದನ್ನು ನಾನು ಗಾರ್ಡಾದಲ್ಲಿ ನೋಡಿದ್ದೇನೆ. ಆ ಸಾಲಿನಲ್ಲಿ ಯಾರಿಗೂ ಮಾಸ್ಕಿನ ಬಗ್ಗೆ ತಕರಾರು ಇರಲಿಲ್ಲ.

ಈ ಡಬ್ಬಕ್ಕೆ ಆ ವರ್ಷ ವಿಶೇಷ ಬೆಲೆ ಬಂದಿತ್ತು. ಮೇ ತಿಂಗಳಲ್ಲಿ ಕ್ಯಾಂಪ್‌ಗಳು ತೆರೆದಾಗ ಜರ್ಮನಿಯ ಕೆಲವು ರಾಜ್ಯಗಳಲ್ಲಿ ಸಾರ್ವಜನಿಕ ಸ್ನಾನದ ಮನೆಗಳಿಗೆ ಇನ್ನೂ ಬೀಗ. ಸ್ವಂತ ಕಕ್ಕಸು, ಸ್ವಂತ ನೀರು ಇರುವ ಗಾಡಿಗಳಿಗೆ ಮಾತ್ರ ಪ್ರವೇಶ, ಟೆಂಟಿನವರು ಹೊರಗೆ.

ಗ್ಯಾಸು 11 ಕೆಜಿಯ ಪ್ರೊಪೇನ್ ಸಿಲಿಂಡರ್. ಒಂದು ದೇಶದ ಸಿಲಿಂಡರಿನ ಬಾಯಿ ಇನ್ನೊಂದು ದೇಶದ ರೆಗ್ಯುಲೇಟರಿಗೆ ಕೂರುವುದಿಲ್ಲ, ಹಾಗಾಗಿ ತುಂಬಿದ್ದನ್ನೇ ಒಯ್ಯಬೇಕು. ತೂಕದ ಕಾಟ ಬೇರೆ. ಗಾಡಿ, ನೀರು, ಜನ, ಸಾಮಾನು ಎಲ್ಲ ಸೇರಿ 3,500 ಕೆಜಿ ದಾಟುವಂತಿಲ್ಲ. ಗಂಡ ಅಕ್ಕಿ ಚೀಲವನ್ನು ತಕ್ಕಡಿಗಿಟ್ಟ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ನಾನು ಇಡಲು ಬಿಡಲಿಲ್ಲ.

ಪ್ರಶ್ನೆ: ಗಡಿಗಳ ನಿಯಮ ದಿನಕ್ಕೊಂದು ಬದಲಾಗುತ್ತಿತ್ತಲ್ಲ, ಎಲ್ಲಾದರೂ ಸಿಕ್ಕಿಹಾಕಿಕೊಂಡಿರಾ? (ದಾವಣಗೆರೆ)

ಸಿಕ್ಕಿಹಾಕಿಕೊಂಡೆವು, ಹನ್ನೆರಡೂವರೆ ಗಂಟೆ.

ಮೊದಲು ಒಂದು ಮಾತು. ಇಲ್ಲಿಗೆ ಬಂದ ಮೇಲೆ ಗಡಿ ಅಂದರೆ ನನಗೆ ರಸ್ತೆ ಬದಿಯ ಒಂದು ನೀಲಿ ಫಲಕ, ಅಷ್ಟೆ. ಸರೋವರದ ದಂಡೆಯಲ್ಲೇ ಇರುವ ಕಾನ್‌ಸ್ಟಾನ್ಸ್ ಊರಿಗೂ ಸ್ವಿಟ್ಜರ್ಲೆಂಡಿನ ಕ್ರೊಯ್ಟ್ಸ್‌ಲಿಂಗೆನ್‌ಗೂ ನಡುವೆ ಬೀದಿ ಒಂದೇ. 2020ರ ಮಾರ್ಚ್‌ನಲ್ಲಿ ಅಲ್ಲಿ ತಂತಿಬೇಲಿ ಎದ್ದಿತು. ಪ್ರೇಮಿಗಳು ಬೇಲಿಯ ಸಂದಿಯಲ್ಲೇ ಮುತ್ತು ಕೊಡತೊಡಗಿದಾಗ, ಎರಡು ಮೀಟರ್ ಬಿಟ್ಟು ಎರಡನೆಯ ಬೇಲಿ ಹಾಕಿದರು. ಮೇ ನಡುವಿಗೆ ಎರಡನ್ನೂ ಕಿತ್ತರು. ಜೂನ್ 15ಕ್ಕೆ ಜರ್ಮನಿ ಗಡಿ ತಪಾಸಣೆ ನಿಲ್ಲಿಸಿತು. ನಾವು ಮುಗಿಯಿತು ಅಂದುಕೊಂಡೆವು.

ನಾವು ರೋವಿನ್‌ನಲ್ಲಿದ್ದಾಗ, ಆಗಸ್ಟ್ 17ರಿಂದ ಆಸ್ಟ್ರಿಯಾ ಕ್ರೊಯೇಷ್ಯಾದ ಮೇಲೆ ಪ್ರಯಾಣ ಎಚ್ಚರಿಕೆ ಹಾಕಿತು. 20ಕ್ಕೆ ಜರ್ಮನಿ ಸ್ಪ್ಲಿಟ್ ಸುತ್ತಿನ ಪ್ರದೇಶವನ್ನು ಅಪಾಯದ ಪಟ್ಟಿಗೆ ಸೇರಿಸಿತು. ನಾವಿದ್ದ ಇಸ್ಟ್ರಿಯಾ ಆ ಪಟ್ಟಿಯಲ್ಲಿ ಇರಲಿಲ್ಲ. ಗಾಡಿಯನ್ನು ಸೋಮವಾರ ಒಪ್ಪಿಸಬೇಕಿತ್ತು, 22ರ ಶನಿವಾರ ಮಧ್ಯಾಹ್ನ ಹೊರಟೆವು. ಅದೇ ದಿನದಿಂದ ಆಸ್ಟ್ರಿಯಾದ ಹೊಸ ನಿಯಮ: ದೇಶ ದಾಟಿ ಹೋಗುವವರೂ ಎಲ್ಲೂ ನಿಲ್ಲದೆ ಹೋಗುತ್ತೇವೆ ಎಂದು ಬರೆದುಕೊಡಬೇಕು. ಪ್ರತಿ ಕಾರಿನವರೂ ಫಾರ್ಮ್ ತುಂಬಬೇಕು. ಸ್ಲೊವೇನಿಯಾ ಮತ್ತು ಆಸ್ಟ್ರಿಯಾ ನಡುವೆ ಕಾರವಾಂಕೆನ್ ಬೆಟ್ಟದ ಕೆಳಗೆ ಸುಮಾರು 8 ಕಿಲೊಮೀಟರಿನ ಸುರಂಗವಿದೆ. ಅದರ ಈಚೆ ರಾತ್ರಿ ಒಂಬತ್ತಕ್ಕೆ ನಿಂತ ಸಾಲು ಅಲ್ಲಾಡಲಿಲ್ಲ.

ನಮಗೇನು, ಮನೆಯೇ ಜೊತೆಗಿತ್ತು. ಮಗಳಿಗೆ ಮೊಸರನ್ನ ಕಲೆಸಿಕೊಟ್ಟೆ. ನಾವು ಚಹಾ ಕುಡಿದೆವು. ಹನ್ನೊಂದರ ಹೊತ್ತಿಗೆ ಬಾಗಿಲು ಬಡಿದ ಸದ್ದು. ಹಿಂದಿನ ಕಾರಿನ ಹೆಂಗಸು, ಕೈಯಲ್ಲಿ ನಾಲ್ಕು ವರ್ಷದ ಹುಡುಗ, ಕಾಲು ಅಡ್ಡ ಹಾಕಿ ನಿಂತಿದ್ದಾನೆ. ನನ್ನ ಗಂಡ ನನ್ನ ಮುಖ ನೋಡಿದ. ಮೂರು ವಾರ ಯಾರನ್ನೂ ಒಳಗೆ ಬಿಟ್ಟಿರಲಿಲ್ಲ, ಅದಕ್ಕೇ ಅಲ್ಲವೇ ಈ ಗಾಡಿ ಹಿಡಿದಿದ್ದು? ನಾನು ಕಿಟಕಿಗಳನ್ನೆಲ್ಲ ತೆಗೆದೆ, ನಾವಿಬ್ಬರೂ ಕೆಳಗಿಳಿದು ನಿಂತೆವು, ಅವರು ಹತ್ತಿದರು. ಇನ್ನೊಂದು ಕಾರಿನ ಅಜ್ಜಿ ನೋಡುತ್ತಿದ್ದರು. ಆಮೇಲೆ ಅವರು. ಬೆಳಗಾಗುವುದರೊಳಗೆ ಒಂಬತ್ತು ಜನ. ಪ್ರತಿ ಸಲವೂ ಗಂಡ ಸ್ಯಾನಿಟೈಸರ್ ಬಾಟಲಿ ಹಿಡಿದು ಪೂಜಾರಿಯ ಹಾಗೆ ಬಾಗಿಲಲ್ಲಿ ನಿಂತು ತೀರ್ಥ ಕೊಟ್ಟ. ನಾಲ್ಕೂವರೆಗೆ ಕೆಂಪು ದೀಪ ಹತ್ತಿತು. ಐದಕ್ಕೆ ಬಂದ ಒಬ್ಬರನ್ನು ಇಲ್ಲ ಎಂದು ವಾಪಸ್ ಕಳಿಸಿದೆ. ಅವರ ಮುಖ ಮಾತ್ರ ಇನ್ನೂ ನೆನಪಿದೆ.

ಭಾನುವಾರ ಬೆಳಗ್ಗೆ ಅಲ್ಲಿಯ ಅಧಿಕಾರಿಗಳೇ ಸೋತು ತಪಾಸಣೆ ಸಡಿಲಿಸಿದರು. ಒಂಬತ್ತೂವರೆಗೆ ದಾಟಿದೆವು. ನಿಲ್ಲುವುದಿಲ್ಲ ಎಂದು ಬರೆದುಕೊಟ್ಟಿದ್ದೆವಲ್ಲ, ತುಂಬಿದ ಆ ಡಬ್ಬವನ್ನು ಇಡೀ ಆಸ್ಟ್ರಿಯಾ ಉದ್ದಕ್ಕೂ, ಪ್ರತಿ ತಿರುವಿನಲ್ಲೂ ಉಸಿರು ಬಿಗಿಹಿಡಿದು, ಜರ್ಮನಿಗೆ ತಂದು ಸುರಿದೆವು. ಗಡಿಯ ಕೇಂದ್ರದಲ್ಲಿ ಪುಕ್ಕಟೆ ಟೆಸ್ಟ್ ಮಾಡಿಸಿದೆವು. ಎರಡು ದಿನಕ್ಕೆ ನೆಗೆಟಿವ್ ಎಂದು ಬಂತು.

ಪ್ರಶ್ನೆ: ಈಗ ನಾವು ಬಂದರೆ ನಮ್ಮ ಲೈಸೆನ್ಸಿನಲ್ಲಿ ಓಡಿಸಬಹುದೇ? (ಮೈಸೂರು)

ಪ್ರವಾಸಿಗಳಾಗಿ ಬಂದರೆ ಓಡಿಸಬಹುದು. ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಒಂದು ವರ್ಷ ನಡೆಯುತ್ತದೆ. ಮೂಲ ಲೈಸೆನ್ಸೂ ಜೊತೆಗಿರಲಿ. ಗಾಡಿ 3.5 ಟನ್ನಿನೊಳಗಿನದೇ ಇರಲಿ, ಅದಕ್ಕಿಂತ ಭಾರವಾದರೆ ಆಸ್ಟ್ರಿಯಾದಲ್ಲಿ ಹೆದ್ದಾರಿ ಟೋಲಿನ ಸ್ಟಿಕ್ಕರ್ ಸಾಲದು, ಬೇರೆ ಟೋಲ್ ಯಂತ್ರವೇ ಬೇಕು. ಕ್ರೊಯೇಷ್ಯಾ 2023ರ ಜನವರಿ 1ರಿಂದ ಷೆಂಗೆನ್ ಎಂಬ ಯುರೋಪಿನ ದೇಶಗಳ ಕೂಟಕ್ಕೆ ಸೇರಿದೆ, ಒಂದೇ ವೀಸಾ ಸಾಕು. ಹಾಗೆಂದು ಗಡಿಯಲ್ಲಿ ಯಾರೂ ಕೇಳುವುದಿಲ್ಲ ಅಂದುಕೊಳ್ಳಬೇಡಿ. ಅದೇ ವರ್ಷ ಅಕ್ಟೋಬರಿನಲ್ಲಿ ಸ್ಲೊವೇನಿಯಾ ಕ್ರೊಯೇಷ್ಯಾದ ಗಡಿಯಲ್ಲಿ ಮತ್ತೆ ತಪಾಸಣೆ ಹಾಕಿತು. ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗಿರಲಿ.

ಪ್ರಶ್ನೆ: ಆಂಟಿ, ನಿಮ್ಮ ಮಗಳು ಎಲ್ಲಿ ಮಲಗುತ್ತಿದ್ದಳು? (ಐದನೇ ತರಗತಿ, ತೀರ್ಥಹಳ್ಳಿ)

ಡ್ರೈವರ್ ಸೀಟಿನ ಮೇಲೆ ಅಟ್ಟದಂಥ ಒಂದು ಗೂಡಿದೆ ಪುಟ್ಟಾ, ಅಲ್ಲಿ. ಏಣಿ ಹತ್ತಿ ಹೋಗಬೇಕು. ತಲೆಯ ಪಕ್ಕದಲ್ಲೇ ಅಂಗೈಯಗಲದ ಕಿಟಕಿ. ಆದರೆ ಗಾಡಿ ಓಡುವಾಗ ಅಲ್ಲಿ ಮಲಗುವಂತಿಲ್ಲ, ಕೆಳಗೆ ಬಂದು ಬೆಲ್ಟ್ ಹಾಕಿಕೊಂಡು ಕೂರಬೇಕು. ಸುರಂಗದ ಹತ್ತಿರ ನಿಂತಿದ್ದ ಆ ರಾತ್ರಿ ಅವಳು ಸೀಟಿನಲ್ಲೇ ನಿದ್ದೆ ಹೋಗಿದ್ದಳು, ಯಾರು ಬಂದರು ಹೋದರು ಒಂದೂ ಗೊತ್ತಿಲ್ಲ. ಬೆಳಗ್ಗೆ ಎದ್ದು ಕಣ್ಣುಜ್ಜಿಕೊಂಡು ಕೇಳಿದಳು, "ನಮ್ಮ ಮನೆ ಯಾಕೆ ವಾಸನೆ ಬರುತ್ತಿದೆ?"