ಕಿರುಚಿದರೂ ತಪ್ಪು, ಸುಮ್ಮನಿದ್ದರೂ ತಪ್ಪು ಅಂದರೆ ಹೇಗೆ?

ಪ್ರಶ್ನೆ: ನನಗೆ ನಾಲ್ಕೂವರೆ ವರ್ಷದ ಮಗಳಿದ್ದಾಳೆ. ಕಾರ್ತಿಕದ ಕೊನೆಯ ಸೋಮವಾರ ಅತ್ತೆ, ನಾನು, ಮಗಳು ಬಸವನಗುಡಿ ಕಡಲೆಕಾಯಿ ಪರಿಷೆಗೆ ಹೋಗಿದ್ದೆವು. ಆ ರಶ್ಶಿನಲ್ಲಿ ಮಾಸಿದ ಪಂಚೆ ಉಟ್ಟಿದ್ದ ವಯಸ್ಸಾದವರೊಬ್ಬರು ಮಗಳ ಕೆನ್ನೆ ಹಿಂಡಿ, ಕೈಗೆ ಎರಡು ಕಡಲೆಕಾಯಿ ಕೊಟ್ಟು, ನಾನು ನೋಡನೋಡುತ್ತಲೇ ಎತ್ತಿಕೊಂಡುಬಿಟ್ಟರು. ಅವಳು ಸೆಟೆದುಕೊಂಡಳು. ನಾನು 'ಮಕ್ಕಳ ಕಳ್ಳ' ಅಂತ ಕಿರುಚಿ ಮಗಳನ್ನು ಕಿತ್ತುಕೊಂಡೆ. ಇಬ್ಬರು ಹುಡುಗರು ಬಂದು ಅವರ ಕೊರಳಪಟ್ಟಿ ಹಿಡಿದರು. "ಮೊಮ್ಮಗಳ ಥರಾನೇ ಇದ್ದಾಳೆ ಅಂತ ಎತ್ಕೊಂಡೆ ತಾಯಿ" ಅಂತ ಅವರು ಕೈ ಮುಗಿದರು. ಪೊಲೀಸಿನವರು ಬಂದು ಬಿಡಿಸಿ ಕಳಿಸಿದರು. ಅವತ್ತಿನಿಂದ ಅತ್ತೆ ಸರಿಯಾಗಿ ಮಾತಾಡುತ್ತಿಲ್ಲ. "ವಯಸ್ಸಾದವರ ಶಾಪ ಕಟ್ಕೊಂಡೆ" ಅನ್ನುತ್ತಾರೆ. ಗಂಡ "ನೀನು ಸ್ವಲ್ಪ ಜಾಸ್ತೀನೇ ಆಡ್ತೀಯ" ಅಂದರು. ಆಮೇಲೊಂದು ದಿನ ಮೆಟ್ರೋದಲ್ಲಿ ಪಕ್ಕದ ಸೀಟಿನ ಹೆಂಗಸು ಮಗಳ ಕೂದಲಲ್ಲಿ ಕೈಯಾಡಿಸುತ್ತಲೇ ಇದ್ದರು. ರೇಷ್ಮೆ ಸೀರೆ ಉಟ್ಟು, ಒಳ್ಳೆ ಮನೆತನದವರ ಹಾಗೆ ಕಾಣುತ್ತಿದ್ದರು. ಮಗಳು ತಲೆ ಕೊಸರಿದಳು. ನಾನು ಬಾಯಿ ಬಿಡಲಿಲ್ಲ. ರಾತ್ರಿ ಮಲಗುವಾಗ "ಅಮ್ಮಾ, ಆ ಆಂಟಿಗೆ ಯಾಕೆ ಏನೂ ಹೇಳ್ಲಿಲ್ಲ?" ಅಂದಳು. ಏನು ಮಾಡಬೇಕಿತ್ತು ನಾನು?
ಹೆಸರು ಬೇಡ, ಹನುಮಂತನಗರ

ಉತ್ತರ: ಮೊದಲು ಮಗಳಿಗೆ ಉತ್ತರ ಕೊಡಿ. ಅತ್ತೆ, ಗಂಡ ಎಲ್ಲ ಆಮೇಲೆ. "ಅವತ್ತು ಅಮ್ಮ ಹೇಳಬೇಕಿತ್ತು, ಹೇಳಲಿಲ್ಲ. ಇನ್ಮೇಲೆ ಹೇಳ್ತೀನಿ. ನಿಂಗೆ ಇಷ್ಟ ಆಗದಿದ್ರೆ ನನ್ನ ಕೈ ಗಟ್ಟಿಯಾಗಿ ಹಿಡ್ಕೋ" ಅನ್ನಿ. ನಾಲ್ಕೂವರೆ ವರ್ಷದವರಿಗೆ ಇಷ್ಟು ಸಾಕು. ಆ ಆಂಟಿ ಯಾಕೆ ಹಾಗೆ ಮಾಡಿದರು, ಪಾಪ ಅವರಿಗೆ ಪ್ರೀತಿ ಬಂತು ಅಂತೆಲ್ಲ ವಿವರಿಸಲು ಹೋಗಬೇಡಿ. ಅವಳು ಕೇಳಿದ್ದು ನಿಮ್ಮ ಬಗ್ಗೆ, ಆ ಆಂಟಿಯ ಬಗ್ಗೆ ಅಲ್ಲ.

ಈಗ ಪರಿಷೆಯ ವಿಷಯ. ಮಗುವನ್ನು ಕಿತ್ತುಕೊಂಡಿದ್ದರಲ್ಲಿ ಯಾವ ತಪ್ಪೂ ಇಲ್ಲ. ಹೆತ್ತವರನ್ನು ಒಂದು ಮಾತು ಕೇಳದೆ ಮಗು ಎತ್ತಿಕೊಂಡರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ಆದರೆ ನೀವು ಕೂಗಿದ ಆ ಮಾತಿದೆಯಲ್ಲ, ಅದು ಬೇಡಿತ್ತು. 2018ರ ಮೇ ತಿಂಗಳಲ್ಲಿ, ನಿಮ್ಮ ಹನುಮಂತನಗರಕ್ಕೆ ದೂರವೇನೂ ಅಲ್ಲದ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಅನ್ನುವ ಬರೀ ಗುಮಾನಿಯ ಮೇಲೆ ಜನ ಹೊಡೆದು ಸಾಯಿಸಿದರು. ವಾಟ್ಸಾಪ್‌ನಲ್ಲಿ ಮಕ್ಕಳ ಕಳ್ಳರ ಸುಳ್ಳು ಸುದ್ದಿ ಮನೆಮನೆಗೂ ಹರಿದಾಡುತ್ತಿದ್ದ ಸಮಯ ಅದು. ಗುಂಪಿನ ನಡುವೆ ಆ ಪದ ಬಿದ್ದರೆ ಮುಂದೆ ಏನಾಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ನಿಮ್ಮ ಪುಣ್ಯ, ಪೊಲೀಸಿನವರು ಹತ್ತಿರದಲ್ಲೇ ಇದ್ದರು.

ಕೂಗಲೇಬೇಕಾಗಿ ಬಂದರೆ ಹೀಗೆ ಕೂಗಿ: "ನನ್ನ ಮಗೂನ ಕೆಳಗಿಳಿಸಿ!" ಜೋರಾಗಿಯೇ ಕೂಗಿ. ಸುತ್ತಲಿನವರು ತಿರುಗಿ ನೋಡುತ್ತಾರೆ. ಏನು ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಆದರೆ ನೀವು ಯಾರನ್ನೂ ಕಳ್ಳ ಅಂದ ಹಾಗಾಗುವುದಿಲ್ಲ.

ಬೇಜಾರು ಮಾಡಿಕೊಳ್ಳುವುದಿಲ್ಲ ಅಂದರೆ ಒಂದು ಮಾತು ಹೇಳುತ್ತೇನೆ. ಮಾಸಿದ ಪಂಚೆಯವರು ಮುಟ್ಟಿದಾಗ ಕಿರುಚಿದಿರಿ. ರೇಷ್ಮೆ ಸೀರೆಯವರು ಮುಟ್ಟಿದಾಗ ಸುಮ್ಮನಾದಿರಿ. ಎರಡು ಸಲವೂ ಮಗಳು ಬೇಡ ಅಂತಲೇ ತೋರಿಸಿದ್ದಳು. ಒಮ್ಮೆ ಸೆಟೆದುಕೊಂಡು, ಒಮ್ಮೆ ತಲೆ ಕೊಸರಿ. ಮುಖ ನೋಡಿ ಮಣೆ ಹಾಕುವುದು ನಮಗೆಲ್ಲ ರೂಢಿ, ನಿಮ್ಮೊಬ್ಬರದ್ದೇ ಅಲ್ಲ. ಆದರೆ ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಪರಿಚಿತರು ಒಳ್ಳೆಯವರೋ ಕೆಟ್ಟವರೋ ಅಂತ ಅರೆಕ್ಷಣದಲ್ಲಿ ಬಟ್ಟೆ ನೋಡಿ ತೀರ್ಮಾನಿಸಲು ಯಾರಿಂದಲೂ ಆಗುವುದಿಲ್ಲ. ಅವರನ್ನು ಬಿಟ್ಟು ಮಗುವನ್ನು ನೋಡಿ. ಹೆಗಲು ಮೇಲಕ್ಕೆ ಹೋಯಿತಾ? ನಿಮ್ಮ ಕಾಲಿಗೆ ಅಂಟಿಕೊಂಡಳಾ? ನಗುತ್ತಿದ್ದವಳು ಸುಮ್ಮನಾದಳಾ? ಅಷ್ಟಾದರೆ ಬಾಯಿ ಬಿಡಿ.

ಹೇಗೆ ಹೇಳುವುದು ಅನ್ನುವುದೇ ಎಲ್ಲರ ಕಷ್ಟ. ಮೊದಲು ಮೈ ಅಡ್ಡ ತನ್ನಿ. ಮಗುವನ್ನು ಇನ್ನೊಂದು ಪಕ್ಕಕ್ಕೆ ಸರಿಸಿ, ಅವರಿಗೂ ಮಗುವಿಗೂ ನಡುವೆ ನೀವು ನಿಂತುಬಿಡಿ. ಆಮೇಲೆ ಮಾಮೂಲಿ ದನಿಯಲ್ಲಿ, "ಆಂಟಿ, ಮುಟ್ಟಿದ್ರೆ ಅವಳಿಗೆ ಇಷ್ಟ ಆಗಲ್ಲ, ಹಾಗೇ ಮಾತಾಡ್ಸಿ" ಅನ್ನಿ. ವಯಸ್ಸಾದವರಾದರೆ "ಅಜ್ಜಿ, ದೂರದಿಂದಲೇ ಆಶೀರ್ವಾದ ಮಾಡಿ" ಅಂದರೆ ಅವರಿಗೂ ಖುಷಿ. ಕೈಗೆ ಚಾಕಲೇಟೋ ಬಿಸ್ಕತ್ತೋ ಕೊಡಲು ಬಂದರೆ "ನನ್ನ ಕೈಗೆ ಕೊಡಿ" ಅನ್ನಿ. ನೀವು ನಗುತ್ತಲೇ ಹೇಳಬಹುದು. ಆದರೆ "ಸಾರಿ, ತಪ್ಪು ತಿಳ್ಕೋಬೇಡಿ" ಅಂತ ಬಾಲ ಸೇರಿಸಬೇಡಿ.

ತುಂಬಾ ತಾಯಂದಿರು "ನೆಗಡಿ ಆಗಿದೆ, ಜ್ವರ ಇದೆ" ಅಂತ ಸುಳ್ಳು ಹೇಳಿ ಪಾರಾಗುತ್ತಾರೆ. ಕೈಗೂಸಿಗೆ ಆ ಉಪಾಯ ನಡೆಯುತ್ತದೆ. ಮಾತು ಅರ್ಥವಾಗುವ ಮಗುವಿನ ಎದುರು ಬೇಡ. ಇಷ್ಟ ಇಲ್ಲ ಅನ್ನುವುದೊಂದೇ ಸಾಲದು, ಅದಕ್ಕೊಂದು ಜ್ವರವೂ ಬೇಕು ಅಂತ ಅವಳು ಕಲಿಯುತ್ತಾಳೆ.

ನೀವು ಬೇಡ ಅಂದ ಮೇಲೆ ಏನಾಗುತ್ತದೆ, ಅದನ್ನು ಗಮನಿಸಿ. ಅದೇ ಜರಡಿ. ಪ್ರೀತಿಯಿಂದ ಮುಟ್ಟಿದವರು ಸ್ವಲ್ಪ ಪೆಚ್ಚಾಗುತ್ತಾರೆ, "ಓ, ಸರಿ ಸರಿ" ಅಂತ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು. "ಅಯ್ಯೋ, ಮುಟ್ಟಿದ್ರೆ ಸವೆದು ಹೋಗ್ತಾಳಾ?" ಅಂತ ಕೊಂಕು ಮಾತಾಡುವವರೂ ಇದ್ದಾರೆ, ಆಡಲಿ. ಬೇಡ ಅಂದ ಮೇಲೂ ಕೈ ಮುಂದೆ ಬಂದರೆ, ನೀವು ಸರಿದ ಕಡೆಗೆಲ್ಲ ಅವರೂ ಸರಿದರೆ, ಮಗುವಿನ ಫೋಟೋ ತೆಗೆಯಲು ಶುರು ಮಾಡಿದರೆ ಮಾತು ಸಾಕು. ಜಾಗ ಬಿಡಿ. ಮೆಟ್ರೋದಲ್ಲಾದರೆ ಮುಂದಿನ ಸ್ಟೇಷನ್‌ನಲ್ಲಿ ಇಳಿದು ಅಲ್ಲಿನ ಸೆಕ್ಯುರಿಟಿಗೆ ಹೇಳಿ, ಬಸ್ಸಿನಲ್ಲಾದರೆ ಕಂಡಕ್ಟರ್‌ಗೆ.

ಹಾಗಂತ ಊರಿನವರ ಕೈಯೆಲ್ಲ ಕೆಟ್ಟದ್ದು ಅಂದುಕೊಂಡರೆ ಬೆಂಗಳೂರಲ್ಲಿ ಬದುಕಲು ಆಗುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಿಎಂಟಿಸಿ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಂಬಿ ಹಿಡಿದು, ಮಗು ಎತ್ತಿಕೊಂಡು ನಿಂತಿರುವಾಗ ಸೀಟಿನಲ್ಲಿ ಕೂತ ಹೆಂಗಸು "ಕೊಡಿ ಮಗೂನ, ನಾನು ಕೂರಿಸ್ಕೊಳ್ತೀನಿ" ಅಂತ ಕೈ ಚಾಚುತ್ತಾರಲ್ಲ, ಅಂಥ ಉಪಕಾರ ಯಾವ ಊರಲ್ಲಿ ಸಿಗುತ್ತದೆ ಹೇಳಿ. ಆದರೆ ಅವರು ಕೇಳುತ್ತಾರೆ, ಗಮನಿಸಿದ್ದೀರಾ? ಕೇಳಿ, ನೀವು ಕೊಟ್ಟ ಮೇಲೆ ತೆಗೆದುಕೊಳ್ಳುತ್ತಾರೆ. ಮಗಳನ್ನೂ ಒಂದು ಮಾತು ಕೇಳಿ. "ಹೂಂ" ಅಂದರೆ ಕೊಡಿ. ಅಳುಮುಖ ಮಾಡಿದರೆ "ಬರಲ್ಲ ಅಂತಾಳೆ, ಥ್ಯಾಂಕ್ಸ್ ಅಕ್ಕ" ಅಂದರೆ ಆಯಿತು.

ಇನ್ನು ನಿಮ್ಮ ಅತ್ತೆ. ಅವರ ಕಡೆಯಿಂದಲೂ ಯೋಚಿಸಿ. ಊರಲ್ಲಿ ಮಗುವನ್ನು ಯಾರೇ ಎತ್ತಿಕೊಂಡರೂ ಅವರು ಯಾರ ಮನೆಯವರು, ಯಾರ ಮಗ ಅಂತ ಹತ್ತು ಜನಕ್ಕೆ ಗೊತ್ತಿರುತ್ತದೆ. ಆ ಧೈರ್ಯದಲ್ಲೇ ಅವರು ಮಕ್ಕಳನ್ನು ಬೆಳೆಸಿದ್ದು. ಪರಿಷೆಯ ಜನಸಾಗರದಲ್ಲಿ ಅದು ಇಲ್ಲ. ಅವರ ಜೊತೆ ವಾದಕ್ಕೆ ಇಳಿಯಬೇಡಿ. "ಅವರನ್ನ ಕಳ್ಳ ಅಂದಿದ್ದು ನನಗೂ ಸರಿ ಅನ್ನಿಸ್ಲಿಲ್ಲ ಅತ್ತೆ. ಆದ್ರೆ ಮಗೂನ ಕಿತ್ಕೊಂಡಿದ್ದು ಸರಿ" ಅಂತ ಎರಡನ್ನೂ ಬೇರೆ ಬೇರೆ ಮಾಡಿ ಹೇಳಿ. ಮೊದಲನೆಯದನ್ನು ಒಪ್ಪಿದರೆ ಎರಡನೆಯದನ್ನು ಕೇಳಿಸಿಕೊಳ್ಳುತ್ತಾರೆ. ಶಾಪದ ಮಾತು ಬಿಟ್ಟುಬಿಡಿ. ಒಂದು ದೃಷ್ಟಿ ತೆಗೆದರೆ ಅವರಿಗೆ ಸಮಾಧಾನ ಆಗುತ್ತದೆ ಅಂದರೆ ತೆಗೆಯಲಿ.

ಅತ್ತೆಯ ಜೊತೆ ನಿಜಕ್ಕೂ ಗಟ್ಟಿಯಾಗಿ ನಿಲ್ಲಬೇಕಾಗಿರುವುದು ಬೇರೆ ಕಡೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ, ದೇಶದ ಅಪರಾಧಗಳ ಲೆಕ್ಕ ಇಡುವ ಸರ್ಕಾರಿ ಸಂಸ್ಥೆಯಾದ ಎನ್‌ಸಿಆರ್‌ಬಿ ವರದಿ ತೆಗೆದು ನೋಡಿದರೆ, ಬಹುಪಾಲು ಪ್ರಕರಣಗಳಲ್ಲಿ ಆರೋಪಿ ಮಗುವಿಗೆ ಗೊತ್ತಿರುವವನೇ. ನೆಂಟ, ನೆರೆಯವ, ಮನೆಗೆ ಬಂದು ಹೋಗುವವ. ಪರಿಷೆಯಲ್ಲಿ ಸಿಕ್ಕ ಮುದುಕರಿಗಿಂತ ಹೆಚ್ಚು ಯೋಚಿಸಬೇಕಾದದ್ದು ಮನೆಯ ಹಾಲ್‌ನಲ್ಲಿ ನಡೆಯುವ "ಮಾಮಂಗೆ ಒಂದು ಮುತ್ತು ಕೊಡು ಪುಟ್ಟಾ" ಬಗ್ಗೆ. ಮಗು ಒಲ್ಲೆ ಅಂತ ನಿಮ್ಮ ಸೀರೆಯ ಹಿಂದೆ ಅಡಗುತ್ತದೆ. ಎಲ್ಲರೂ ನಗುತ್ತಾ "ನಾಚ್ಕೊಳ್ತಾಳೆ" ಅಂತ ಮುಂದಕ್ಕೆ ತಳ್ಳುತ್ತಾರೆ. ಮಾಮ ಒಳ್ಳೆಯವರೇ ಇರಬಹುದು. ಆದರೆ ಮನೆಯಲ್ಲೇ ಅವಳ 'ಬೇಡ'ಕ್ಕೆ ಬೆಲೆ ಇಲ್ಲ ಅಂದ ಮೇಲೆ, ಹೊರಗೆ ನೀವು ಎಷ್ಟು ಕಿರುಚಿದರೂ ಅವಳಿಗೆ ಗೊಂದಲವೇ. ಮುತ್ತಿನ ಬದಲು ನಮಸ್ಕಾರ ಮಾಡಲಿ, ಹೈ ಫೈವ್ ಕೊಡಲಿ, ಟಾಟಾ ಮಾಡಲಿ. ಸ್ಕೂಲಿನಲ್ಲಿ ಗುಡ್ ಟಚ್, ಬ್ಯಾಡ್ ಟಚ್ ಹೇಳಿಕೊಡುತ್ತಾರೆ, ಒಳ್ಳೆಯದೇ. ಆದರೆ ಯಾವುದು ಗುಡ್, ಯಾವುದು ಬ್ಯಾಡ್ ಅಂತ ಇಷ್ಟು ಚಿಕ್ಕ ಮಗು ತೂಗಿ ನೋಡಲಾರದು. 'ನಂಗೆ ಇಷ್ಟ ಇಲ್ಲ' ಅನ್ನಲು ಬಂದರೆ ಸಾಕು.

ಕಾನೂನಿನ ಬಗ್ಗೆಯೂ ತಿಳಿದಿರಿ. ಕೆನ್ನೆ ಹಿಂಡಿದ್ದಕ್ಕೆಲ್ಲ ಕೇಸ್ ಆಗುವುದಿಲ್ಲ. ಲೈಂಗಿಕ ಉದ್ದೇಶದಿಂದ ಮುಟ್ಟಿದರೆ ಅದು 2012ರ ಪೋಕ್ಸೋ ಕಾಯ್ದೆಯಡಿ ಅಪರಾಧ. 12 ವರ್ಷದೊಳಗಿನ ಮಗುವಾದರೆ ಕನಿಷ್ಠ 5 ವರ್ಷ, ಗರಿಷ್ಠ 7 ವರ್ಷ ಜೈಲು. ಬಟ್ಟೆಯ ಮೇಲಿಂದ ಮುಟ್ಟಿದ್ದು ಅನ್ನುವ ನೆಪ ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲೇ ಹೇಳಿದೆ. ಅಂಥದ್ದೇನಾದರೂ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ. ಮಗುವನ್ನು ಸ್ಟೇಷನ್‌ಗೆ ಅಲೆದಾಡಿಸಬೇಕು ಅಂತ ಹೆದರಬೇಡಿ. ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಆಗ ಪೊಲೀಸರು ಯೂನಿಫಾರ್ಮ್‌ನಲ್ಲಿ ಇರಬಾರದು ಅಂತ ಕಾಯ್ದೆಯಲ್ಲೇ ಇದೆ.

ಕೈಗೂಸು ಇರುವವರಿಗೆ ಒಂದೆರಡು ಮಾತು. ನಾಯಿಕೆಮ್ಮು ತಡೆಯುವ ಲಸಿಕೆಯನ್ನು ಮಗುವಿಗೆ 6, 10, 14ನೇ ವಾರದಲ್ಲಿ ಹಾಕುತ್ತಾರೆ. ಅದು ಮುಗಿಯುವವರೆಗಾದರೂ ಕೆಮ್ಮುವವರ ಕೈಗೆ ಮಗು ಕೊಡಬೇಡಿ. ತುಟಿಯ ಹತ್ತಿರ ಹುಣ್ಣಾದವರು ಹಸುಗೂಸಿಗೆ ಮುತ್ತು ಕೊಡಲೇಬಾರದು. ಅದರಿಂದ ಹರ್ಪಿಸ್ ಸೋಂಕು ತಗುಲಿ ಮಗುವಿನ ಜೀವಕ್ಕೇ ಕುತ್ತು ಬರಬಹುದು. ಇಲ್ಲಿ ದಾಕ್ಷಿಣ್ಯ ಅನ್ನುವ ಮಾತೇ ಇಲ್ಲ.

ಕೊನೆಗೆ ನಿಮ್ಮ ಗಂಡ. ಜಾಸ್ತಿ ಆಡ್ತೀಯ ಅಂದರಲ್ಲ, ಮುಂದಿನ ಸಲ ಮೂವರೂ ಹೊರಗೆ ಹೋದಾಗ ಮಗಳ ಕೈ ಅವರೇ ಹಿಡಿಯಲಿ. ಯಾರಾದರೂ ಕೆನ್ನೆಗೆ ಕೈ ಹಾಕಲು ಬಂದರೆ ಹೇಳುವ ಸರದಿ ಅವರದ್ದು. ಏನು ಹೇಳಬೇಕು ಅಂತ ಇವತ್ತೇ ಮನೆಯಲ್ಲಿ ಮಾತಾಡಿಕೊಂಡಿರಿ. ಮಗಳೂ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳಲಿ.